ಒಗ್ಗಿದ್ದಕ್ಕೊಂದು ಮಾತು, ಬಿಟ್ಟುಹೋದದ್ದಕ್ಕೊಂದು ಮಾತು

ಮಗಳೇ,

ಮುಂದಿನ ವಾರ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟಿದ್ದೀಯ ಎಂದು ನಿಮ್ಮಪ್ಪ ಹೇಳಿದ. ನೀನು ವಾಟ್ಸಾಪಿನಲ್ಲಿ ಕಳಿಸಿದ ಅರ್ಜಿಯ ಪತ್ರವನ್ನೂ ಓದಿದೆ. ಚೆನ್ನಾಗಿ ಬರೆದಿದ್ದೀಯ. ಅತಿವಿನಯವಿಲ್ಲ, ಬೇಡದ ಬಡಾಯಿಯೂ ಇಲ್ಲ. ಆದರೆ ಅದರಲ್ಲಿನ ಒಂದು ವಾಕ್ಯ ನಿನಗೆ ಸಿಗಬೇಕಾದ ಕೆಲಸವನ್ನೇ ತಪ್ಪಿಸೀತು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ. 'ಐ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್ಸ್' ಎಂದಿದ್ದೀಯ. ಹಾಸನದ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ರಾತ್ರಿ ಪಾಳಿ ಮಾಡಿ ಮಾಡಿ ನಿನಗದು ರೂಢಿಯಾಗಿದೆ, ಇಲ್ಲೂ ಮಾಡಬಲ್ಲೆ ಎಂಬುದು ನಿನ್ನ ಮನಸ್ಸಿನ ಮಾತು. ಓದುವವರಿಗೆ ತಿಳಿಯುವುದು ಬೇರೆ: ಹಿಂದೆ ಯಾವಾಗಲೋ ಮಾಡುತ್ತಿದ್ದಳು, ಈಗ ಬಿಟ್ಟಿದ್ದಾಳೆ. ರಾತ್ರಿ ಪಾಳಿಗೇ ಜನ ಹುಡುಕುತ್ತಿರುವವರು ಅಷ್ಟು ಓದಿ ಮುಂದಿನ ಅರ್ಜಿ ಎತ್ತಿಕೊಂಡರೆ ಅವರದು ತಪ್ಪೆನ್ನುವ ಹಾಗಿಲ್ಲ.

ಅಲ್ಲಿ ಬೇಕಿದ್ದುದು 'ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್'. ಒಂದು 'ಆ್ಯಮ್' ಸೇರಿತು, ಒಂದು 'ಇಂಗ್' ಸೇರಿತು. ಬಿಟ್ಟುಬಂದ ಕೆಲಸ ಕೈಗೆ ಹತ್ತಿದ ಕೆಲಸವಾಯಿತು.

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ ಅಷ್ಟೂ ವರ್ಷ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಇವೆರಡೂ ಕಲಸಿಹೋಗುವುದನ್ನು ನೋಡಿದ್ದೇನೆ. ಅದಕ್ಕೆ ದಡ್ಡತನ ಕಾರಣವಲ್ಲ. ವ್ಯಾಕರಣದ ಪುಸ್ತಕಗಳು ಇವನ್ನು ಅಕ್ಕಪಕ್ಕ ಇಟ್ಟು ತೋರಿಸುವುದೇ ಕಡಿಮೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಮೇಜಿನ ಮೇಲೆಲ್ಲ ಕಾಣುವ ರೇಮಂಡ್ ಮರ್ಫಿಯ 'ಇಂಗ್ಲಿಷ್ ಗ್ರಾಮರ್ ಇನ್ ಯೂಸ್' 1985ರಲ್ಲಿ ಬಂದ ಪುಸ್ತಕ, ಈಗಲೂ ಅದಕ್ಕೆ ಸಾಟಿಯಾದದ್ದು ನನಗೆ ಕಂಡಿಲ್ಲ. ಅದರಲ್ಲೂ ಒಂದು 'ಯೂಸ್ಡ್ ಟು' ಭೂತಕಾಲದ ಪಾಠಗಳ ಜೊತೆ ಮೊದಲಲ್ಲೇ ಬಂದುಹೋಗುತ್ತದೆ, ಇನ್ನೊಂದು ಎಷ್ಟೋ ಪಾಠಗಳಾದ ಮೇಲೆ 'ಇಂಗ್' ರೂಪಗಳ ಸಾಲಿನಲ್ಲಿ ಬರುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಅದೇ ಸರಿ, ಏಕೆಂದರೆ ಇವು ನೋಡಲು ಒಂದೇ, ಕೆಲಸ ಮಾತ್ರ ಬೇರೆ ಬೇರೆ. ಆದರೆ ಕಲಿಯುವವರು ಎರಡನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದನ್ನು ಮರೆತಿರುತ್ತಾರೆ.

ನೀನು ಪುಸ್ತಕ ಬದಿಗಿಡು. ನಿನ್ನ ಕನ್ನಡವನ್ನೇ ಹಿಡಿದು ನೋಡು. 'ನಾನು ಚಳಿಗೆ ಒಗ್ಗಿಕೊಂಡಿದ್ದೇನೆ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ 'ಐ ಆ್ಯಮ್ ಯೂಸ್ಡ್ ಟು ದ ಕೋಲ್ಡ್'. ಚಳಿಗೆ ಎಂಬಲ್ಲಿ ಕೊನೆಗೊಂದು 'ಗೆ' ಇದೆಯಲ್ಲ, ಅದೇ ಇಲ್ಲಿಯ 'ಟು'. 'ಬೇಗ ಏಳುವುದಕ್ಕೆ ಒಗ್ಗಿಕೊಂಡಿದ್ದೇನೆ' ಎಂದರೆ 'ಐ ಆ್ಯಮ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ'. 'ಏಳುವುದು' ಅಂದರೆ 'ಗೆಟಿಂಗ್ ಅಪ್', ಅದಕ್ಕೆ ಹತ್ತಿದ 'ಕ್ಕೆ' ಅಂದರೆ 'ಟು'. ಕನ್ನಡವೂ ಇಂಗ್ಲಿಷೂ ಇಷ್ಟು ಸಲೀಸಾಗಿ ಕೂಡುವ ಜಾಗಗಳು ಹೆಚ್ಚಿಲ್ಲ, ಸಿಕ್ಕಿದಾಗ ಬಿಡಬಾರದು.

ಎಡವುವುದು ಆಡುಮಾತಿನಲ್ಲಿ. ನಮ್ಮ ಬಾಯಲ್ಲಿ ಅದು 'ಏಳೋಕೆ' ಆಗಿಬಿಡುತ್ತದೆ. 'ಬೇಗ ಏಳೋಕೆ ಅಲಾರಾಂ ಇಟ್ಟೆ' ಎಂಬಲ್ಲೂ 'ಏಳೋಕೆ', 'ಬೇಗ ಏಳೋಕೆ ಒಗ್ಗಿಕೊಂಡೆ' ಎಂಬಲ್ಲೂ 'ಏಳೋಕೆ'. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ 'ಟು ಗೆಟ್ ಅಪ್', ಎರಡನೆಯದಕ್ಕೆ 'ಟು ಗೆಟಿಂಗ್ ಅಪ್'. ಯಾವುದು ಎಲ್ಲಿ ಎಂದು ಅನುಮಾನ ಬಂದರೆ ಆ ಜಾಗದಲ್ಲಿ 'ಇಟ್' ಇಟ್ಟು ನೋಡು. 'ಐ ಆ್ಯಮ್ ಯೂಸ್ಡ್ ಟು ಇಟ್', ಅದಕ್ಕೆ ಒಗ್ಗಿಕೊಂಡಿದ್ದೇನೆ. ವಾಕ್ಯ ಪೂರ್ತಿಯಾಯಿತು. ಹಾಗಾದರೆ ಅಲ್ಲಿ ಕ್ರಿಯಾಪದ ಬಂದಾಗ 'ಇಂಗ್' ಬೇಕು. 'ಐ ಯೂಸ್ಡ್ ಟು ಇಟ್' ಎಂದರೆ ವಾಕ್ಯವೇ ಆಗುವುದಿಲ್ಲ. ಅಲ್ಲಿ 'ಇಂಗ್' ಬೇಡ. ನಿನ್ನ ಪತ್ರದ ಕೊನೆಯ ಸಾಲಿಗೂ ಇದೇ ಪರೀಕ್ಷೆ ಹಚ್ಚು. 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಎಂದು ಬರೆದಿದ್ದೀಯ. 'ಲುಕಿಂಗ್ ಫಾರ್ವರ್ಡ್ ಟು ಇಟ್' ಎನ್ನಬಹುದು, ಅಲ್ಲವೇ? ಹಾಗಾಗಿ 'ಟು ಮೀಟಿಂಗ್ ಯು'. ದೊಡ್ಡ ದೊಡ್ಡ ಆಫೀಸುಗಳಿಂದ ಬರುವ ಮೇಲ್‌ಗಳಲ್ಲೂ ಈ ತಪ್ಪು ಕಾಣುತ್ತೇನೆ. ಅವರು ಬರೆದಿದ್ದಾರೆಂದು ನೀನೂ ಬರೆಯಬೇಡ.

ಇದೇ ವೇಷದಲ್ಲಿ ಮೂರನೆಯದೂ ಒಂದಿದೆ. 'ದಿಸ್ ನೈಫ್ ಈಸ್ ಯೂಜ಼್ಡ್ ಟು ಕಟ್ ವೆಜಿಟಬಲ್ಸ್', ಈ ಚಾಕು ತರಕಾರಿ ಹೆಚ್ಚುವುದಕ್ಕೆ. ಇದು ರೂಢಿಯ ಮಾತಲ್ಲ, ಬಳಸುವ ಮಾತು. 'ಐ ಆ್ಯಮ್ ಯೂಸ್ಡ್ ಟು ಕಟ್ ವೆಜಿಟಬಲ್ಸ್' ಎಂದು 'ಇಂಗ್' ಬಿಟ್ಟು ಬರೆದರೆ, ತರಕಾರಿ ಹೆಚ್ಚಲು ಯಾರೋ ನಿನ್ನನ್ನೇ ಬಳಸುತ್ತಾರೆ ಎಂದಾಗುತ್ತದೆ. ಬರವಣಿಗೆಯಲ್ಲಿ ಮೂರೂ ಒಂದೇ ಥರ ಕಂಡರೂ ಕಿವಿಗೆ ಹಾಗಲ್ಲ. ಗಂಟಲಿನ ಮೇಲೆ ಎರಡು ಬೆರಳಿಟ್ಟು 'ಸ್‌ಸ್‌ಸ್' ಎಂದು ಎಳೆದು ನೋಡು, ಬೆರಳಿಗೆ ಏನೂ ತಾಗುವುದಿಲ್ಲ. ಹಲ್ಲು ನಾಲಿಗೆ ಅಲ್ಲೇ ಇರಲಿ, ಈಗ ಸ್ವರ ಸೇರಿಸಿ 'ಜ಼್‌ಜ಼್‌ಜ಼್' ಎನ್ನು, ಗಂಟಲು ಗುಂಯ್‌ಗುಟ್ಟುವುದು ಬೆರಳಿಗೆ ತಿಳಿಯುತ್ತದೆ. ಚಾಕುವಿನ ವಾಕ್ಯದಲ್ಲಿ ಆ ಗುಂಯ್ ಇರಬೇಕು. ರೂಢಿಯ ವಾಕ್ಯಗಳಲ್ಲಿ, ಕಳೆದ ರೂಢಿಯಾಗಲಿ ಈಗಿನ ರೂಢಿಯಾಗಲಿ, ಅದು ಇರಬಾರದು. ಎರಡು ಪದವೂ ಅಂಟಿಕೊಂಡು 'ಯೂಸ್ಟು' ಎಂದು ಹೊರಡಬೇಕು. ಕನ್ನಡದ ಬಾಯಿಗೆ 'ಜ಼'ಕಾರ ಹುಟ್ಟಿನಿಂದ ಬಂದದ್ದಲ್ಲ, ಆದ್ದರಿಂದ ನಾವು ಎಲ್ಲೆಡೆ 'ಯೂಜ್ಡ್' ಎಂದು ಒತ್ತಿ ಹೇಳಿಬಿಡುತ್ತೇವೆ. ರಾತ್ರಿ ಊಟವಾದ ಮೇಲೆ ನಾಲ್ಕು ಸಲ ಗಟ್ಟಿಯಾಗಿ ಹೇಳಿಕೊಂಡರೆ ಬಂದುಬಿಡುತ್ತದೆ.

'ಯೂಸ್ಟು' ಎಂದು ಅಂಟಿ ಬರುವುದರಿಂದ 'ಡಿ' ಅಕ್ಷರ ಕಿವಿಗೆ ಬೀಳುವುದಿಲ್ಲ, ಬರೆಯುವಾಗ ಅದು ಬಿಟ್ಟುಹೋಗುತ್ತದೆ. ಬರವಣಿಗೆಯಲ್ಲಿ 'ಡಿ' ಇರಲೇಬೇಕು. 'ಡಿಡ್' ಬಂದ ಕಡೆ ಮಾತ್ರ ಬೇಡ: 'ಡಿಡ್ ಯು ಯೂಸ್ ಟು ಲಿವ್ ಇನ್ ಹಾಸನ?' ಎಂದು ಕೇಳಿಯಾರು. ಹಿಂದಿನ ಕಾಲದ ಭಾರ ಆಗಲೇ 'ಡಿಡ್' ಮೇಲೆ ಬಿದ್ದಿರುತ್ತದೆ. ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವವರೂ ಇಲ್ಲಿ ತಪ್ಪುತ್ತಾರೆ, ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ.

ತಲೆ ಕೆಡಿಸಿಕೊಳ್ಳಬೇಕಾದ್ದು ಈಗಿನ ದಿನಚರಿ ಹೇಳುವಾಗ. 'ಐ ಯೂಸ್ ಟು ಗೆಟ್ ಅಪ್ ಅಟ್ ಫೈವ್ ಡೈಲಿ' ಎಂದು ನಮ್ಮ ಮಕ್ಕಳು ಧಾರಾಳವಾಗಿ ಹೇಳುತ್ತಾರೆ. ದಿನಾ ಐದಕ್ಕೆ ಏಳುತ್ತೇನೆ ಎಂಬುದು ಅವರ ಅರ್ಥ. ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ ಈ ಪ್ರಯೋಗ ವರ್ತಮಾನಕ್ಕೂ ನಡೆಯುತ್ತಿತ್ತು. ಆಮೇಲೆ ಆ ಭಾಷೆ ಅದನ್ನು ಬಿಟ್ಟು ಭೂತಕಾಲಕ್ಕಷ್ಟೇ ಉಳಿಸಿಕೊಂಡಿತು. ಈಗ ಬರೀ 'ಐ ಗೆಟ್ ಅಪ್ ಅಟ್ ಫೈವ್' ಎಂದರೆ ಸಾಕು, ಹೆಚ್ಚಾಗಿ ಎನ್ನಬೇಕಿದ್ದರೆ 'ಯೂಶುವಲಿ' ಸೇರಿಸು. 'ಏಳ್ತಾ ಇದ್ದೀನಿ' ಎಂಬ ನಮ್ಮ ಮಾತಿನ ಜಾಡು ಹಿಡಿದು 'ಐ ಆ್ಯಮ್ ಗೆಟಿಂಗ್ ಅಪ್ ಡೈಲಿ' ಎನ್ನುವುದೂ ಬೇಡ.

ಕಳೆದ ಕಾಲದ 'ಯೂಸ್ಡ್ ಟು' ಇದೆಯಲ್ಲ, ಅದನ್ನು ಸ್ವಲ್ಪ ಭಯಭಕ್ತಿಯಿಂದ ಬಳಸು. ಅದು ಬರೀ ಹಿಂದಿನ ಮಾತು ಹೇಳುವುದಿಲ್ಲ, ಈಗ ಅದಿಲ್ಲ ಎಂದೂ ಸೂಚಿಸುತ್ತದೆ. ಇಂಟರ್‌ವ್ಯೂನಲ್ಲಿ ಮನೆಯ ವಿಷಯ ಕೇಳಿಯೇ ಕೇಳುತ್ತಾರೆ. 'ಮೈ ಫಾದರ್ ಯೂಸ್ಡ್ ಟು ರನ್ ಎ ಶಾಪ್' ಎಂದೆಯೋ, ಎದುರಿನವರು ಒಂದು ಕ್ಷಣ ತಡೆಯುತ್ತಾರೆ. ಅಂಗಡಿ ಮುಚ್ಚಿತೇ, ಅಥವಾ ಅಪ್ಪನೇ ಇಲ್ಲವೇ ಎಂದು ಅವರ ಮನಸ್ಸಿಗೆ ಬರುತ್ತದೆ. ಅನುಕಂಪದ ಎರಡು ಮಾತನ್ನೂ ಆಡಿಯಾರು. ನಿಮ್ಮಪ್ಪ ಈಗಲೂ ಬೆಳಿಗ್ಗೆ ಏಳಕ್ಕೆ ಅಂಗಡಿಯ ಬಾಗಿಲು ತೆಗೆದು, ನೀರು ಚಿಮುಕಿಸಿ, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಾನೆ. 'ಮೈ ಫಾದರ್ ರನ್ಸ್ ಎ ಶಾಪ್' ಅನ್ನು. ನಿಮ್ಮಜ್ಜಿಯ ವಿಷಯ ಬಂದಾಗ 'ಯೂಸ್ಡ್ ಟು' ಸರಿಯಾದ ಜಾಗಕ್ಕೆ ಬರುತ್ತದೆ. 'ಶಿ ಯೂಸ್ಡ್ ಟು ಟೆಲ್ ಅಸ್ ಸ್ಟೋರೀಸ್.' ಇಲ್ಲಿ 'ವುಡ್' ಕೂಡ ಹೊಂದುತ್ತದೆ: 'ಇನ್ ದಿ ಈವ್ನಿಂಗ್ಸ್ ಶಿ ವುಡ್ ಟೆಲ್ ಅಸ್ ಸ್ಟೋರೀಸ್.' ಇದು ನಿನಗೆ ಹೊಸದೇನಲ್ಲ. 'ಸಂಜೆ ದೀಪ ಹಚ್ಚಿ ಅಜ್ಜಿ ಕತೆ ಹೇಳೋಳು, ನಾವು ಸುತ್ತ ಕೂತ್ಕೊಳ್ಳೋರು' ಎಂದು ನಮ್ಮ ಕಡೆ ಮಾತಾಡುತ್ತೇವಲ್ಲ, ಆ 'ಹೇಳೋಳು', 'ಕೂತ್ಕೊಳ್ಳೋರು' ಇದ್ದಲ್ಲೆಲ್ಲ 'ವುಡ್' ತನ್ನಷ್ಟಕ್ಕೆ ಕೂರುತ್ತದೆ. ಯಾವ ಕಾಲದ ಮಾತು ಎಂದು ಮೊದಲು ಹೇಳಿರಬೇಕು, ಅಷ್ಟೆ.

ಆದರೆ ಇದ್ದದ್ದನ್ನು, ಇರವನ್ನು ಹೇಳುವಾಗ 'ವುಡ್' ನಡೆಯದು. ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತೀಯಲ್ಲ, ಆ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. 'ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್.' ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣ ಇರುವಲ್ಲಿ ಪ್ಲಾಜಾ ಟಾಕೀಸು ಇತ್ತು. 'ದೇರ್ ಯೂಸ್ಡ್ ಟು ಬಿ ಎ ಥಿಯೇಟರ್.' ನಮ್ಮ ರಾಜ್ಯವೂ ಅಷ್ಟೆ, 1973ರ ನವೆಂಬರ್ 1ರವರೆಗೆ ಅದರ ಹೆಸರು ಮೈಸೂರು. 'ಕರ್ನಾಟಕ ಯೂಸ್ಡ್ ಟು ಬಿ ಕಾಲ್ಡ್ ಮೈಸೂರ್ ಸ್ಟೇಟ್.' ಈ ಮೂರು ಕಡೆಯೂ 'ವುಡ್ ಬಿ' ಎಂದರೆ ಅರ್ಥ ಕೆಡುತ್ತದೆ. ಹಾಗೆಯೇ ಇಷ್ಟು ವರ್ಷ, ಇಷ್ಟು ಸಲ ಎಂದು ಲೆಕ್ಕ ಕೊಟ್ಟರೆ 'ಯೂಸ್ಡ್ ಟು' ಬೇಡ. 'ಐ ಯೂಸ್ಡ್ ಟು ಸ್ಟಡಿ ಇನ್ ಶಿವಮೊಗ್ಗ ಫಾರ್ ತ್ರೀ ಇಯರ್ಸ್' ಎನ್ನಬೇಡ, 'ಐ ಸ್ಟಡೀಡ್' ಅನ್ನು.

ಬೆಂಗಳೂರಿಗೆ ಹೋದ ಮೇಲೆ ನಿನಗೆ ಹೆಚ್ಚು ಬೇಕಾಗುವುದು 'ಗೆಟ್ ಯೂಸ್ಡ್ ಟು'. ಒಗ್ಗಿರುವುದು ಬೇರೆ, ಒಗ್ಗಿಕೊಳ್ಳುತ್ತಿರುವುದು ಬೇರೆ. ಟ್ರಾಫಿಕ್ಕು, ಪಿ.ಜಿ.ಯ ಊಟ, ಪಕ್ಕದ ಮಂಚದವಳ ಫೋನು, ಇವೆಲ್ಲಕ್ಕೂ ಮೊದಲ ತಿಂಗಳು 'ಐ ಆ್ಯಮ್ ಗೆಟಿಂಗ್ ಯೂಸ್ಡ್ ಟು ಇಟ್'. ಆಗಲಿಲ್ಲವೆಂದರೆ 'ಐ ಹ್ಯಾವಂಟ್ ಗಾಟ್ ಯೂಸ್ಡ್ ಟು ಇಟ್ ಯೆಟ್'. ಹೊಸ ಊರಿಗೆ ಬಂದವರು ಹಾಗೆ ಹೇಳಿಕೊಂಡರೆ ಯಾರೂ ಕೀಳಾಗಿ ನೋಡುವುದಿಲ್ಲ. ನೀರು ಮಾತ್ರ ಬೇರೆ. 'ಅಲ್ಲಿಯ ನೀರು ನನಗೆ ಒಗ್ಗಲಿಲ್ಲ' ಎಂದು ನಾವು ಹೇಳುವುದು ಮೈಗೆ ಆಗಲಿಲ್ಲ ಎಂಬ ಅರ್ಥದಲ್ಲಿ. ಅದಕ್ಕೆ ಇಂಗ್ಲಿಷಿನವರು 'ದ ವಾಟರ್ ಡಿಡಂಟ್ ಅಗ್ರೀ ವಿತ್ ಮಿ' ಎನ್ನುತ್ತಾರೆ.

ನಮಗೆ ತೊಡಕು ತರುವ ಇನ್ನೊಂದು ಪದ ನಮ್ಮದೇ 'ಅಭ್ಯಾಸ'. ಪಾಠ ಓದುವುದೂ ಅಭ್ಯಾಸ, ಸಂಗೀತ ಸಾಧನೆಯೂ ಅಭ್ಯಾಸ, ಬೆಳಿಗ್ಗೆ ಕಾಫಿ ಕುಡಿಯುವುದೂ ಅಭ್ಯಾಸ. ಅದೊಂದನ್ನೇ ನೆಚ್ಚಿಕೊಂಡರೆ 'ಐ ಹ್ಯಾವ್ ಪ್ರಾಕ್ಟೀಸ್ ಆಫ್ ಡ್ರಿಂಕಿಂಗ್ ಕಾಫಿ' ಎಂಬಂಥ ವಾಕ್ಯ ಹುಟ್ಟುತ್ತದೆ. ಇಂಗ್ಲಿಷಿಗೆ ಹೋಗುವ ಮೊದಲು ಕನ್ನಡದಲ್ಲೇ ಸರಿಯಾದ ಮಾತು ಹುಡುಕು. ಕೆಲಸದಲ್ಲಿ ಪಳಗಿದ್ದೀಯೋ? ಹಾಗಿದ್ದರೆ 'ಎಕ್ಸ್‌ಪೀರಿಯೆನ್ಸ್ಡ್'. ಕಷ್ಟಕ್ಕೆ, ಹವೆಗೆ, ಹೊತ್ತಿಗೆ ಒಗ್ಗಿದ್ದೀಯೋ? 'ಯೂಸ್ಡ್ ಟು', ಪತ್ರ ಸ್ವಲ್ಪ ಗಂಭೀರವಾಗಿರಬೇಕೆಂದರೆ 'ಅಕಸ್ಟಮ್ಡ್ ಟು', ಅದರ ಮುಂದೆಯೂ 'ಇಂಗ್'. ದಿನಾ ಮಾಡುವ ರೂಢಿಯೋ? ಬರೀ ವರ್ತಮಾನ ಕಾಲ ಸಾಕು. ಬಿಡಲಾರದ ಚಟವೋ? ಅದು 'ಅಡಿಕ್ಷನ್'. 'ಹ್ಯಾಬಿಚುಯೇಟೆಡ್' ಎಂಬ ಪದ ನಮ್ಮ ದೇಶದ ಆಫೀಸುಗಳಲ್ಲಿ ಬಹಳ ಓಡಾಡುತ್ತದೆ. ತಪ್ಪಲ್ಲ. ಹೊರಗಿನವರ ಕಿವಿಗೆ ಮಾತ್ರ ಅದು ಡಾಕ್ಟರ ಚೀಟಿಯ ಭಾಷೆಯಂತೆ ಕೇಳುತ್ತದೆ, ಪತ್ರದಲ್ಲಿ ಇಲ್ಲದಿದ್ದರೆ ಚೆಂದ.

ನಿಮ್ಮಣ್ಣ ಇದನ್ನೆಲ್ಲ ಕೇಳಿದರೆ ವಾದಕ್ಕೆ ಬರುತ್ತಾನೆ ಎಂದು ಗೊತ್ತು. ನಮ್ಮ ಇಂಗ್ಲಿಷ್ ನಮ್ಮದು, ಅರ್ಥವಾದರೆ ಸಾಕು, ಬ್ರಿಟಿಷರು ಹೋಗಿ ಎಷ್ಟು ಕಾಲವಾಯಿತು ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿದೆ. ನಮ್ಮ ಹಾಸನದಲ್ಲೇ ಹುಟ್ಟಿದ ರಾಜಾ ರಾವ್ 1938ರಲ್ಲಿ 'ಕಾಂತಾಪುರ' ಕಾದಂಬರಿಯನ್ನು ಇಂಗ್ಲಿಷಿನಲ್ಲೇ ಬರೆದರು, ಹಳ್ಳಿಯ ಮುದುಕಿಯೊಬ್ಬಳ ಬಾಯಲ್ಲಿ ಕತೆ ಹೇಳಿಸಿದರು, ನಮ್ಮ ಮಾತಿನ ಓಟವನ್ನು ಆ ಭಾಷೆಯೊಳಗೆ ಹರಿಸಿದರು. ಉಚ್ಚಾರಣೆಯಲ್ಲಿ ಹಾಸನ ಕಂಡರೆ ಕಾಣಲಿ, ನಾಚಬೇಡ. ಆದರೆ ಮಾಡಬಲ್ಲೆ ಎನ್ನಲು ಹೊರಟು ಮಾಡುವುದನ್ನು ಬಿಟ್ಟೆ ಎಂದು ಹೇಳಿ ಬರುವುದು ಶೈಲಿಯ ವಿಷಯವಲ್ಲ. ಅರ್ಥವಾದರೆ ಸಾಕು ಎಂದು ಅವನೇ ಅನ್ನುತ್ತಾನಲ್ಲ, ಅಲ್ಲಿ ಆಗುವುದು ತಪ್ಪರ್ಥ.

ಕೊನೆಗೆ 'ಫೆಮಿಲಿಯರ್'. ಬಿಲ್ಲಿಂಗ್ ಕೆಲಸಕ್ಕೆ ಈ ಪದ ಬಂದೇ ಬರುತ್ತದೆ. 'ಆರ್ ಯು ಫೆಮಿಲಿಯರ್ ವಿತ್ ಟ್ಯಾಲಿ?' ಎಂದು ಕೇಳುತ್ತಾರೆ. ಮನುಷ್ಯರಿಗೆ ವಸ್ತುವಿನ ಪರಿಚಯ ಇದ್ದರೆ 'ವಿತ್', ವಸ್ತು ಮನುಷ್ಯರಿಗೆ ಪರಿಚಿತವಾಗಿದ್ದರೆ 'ಟು'. 'ಐ ಆ್ಯಮ್ ಫೆಮಿಲಿಯರ್ ವಿತ್ ಟ್ಯಾಲಿ', ಆದರೆ 'ಹಿಸ್ ಫೇಸ್ ಈಸ್ ಫೆಮಿಲಿಯರ್ ಟು ಮಿ'. ಕನ್ನಡದಲ್ಲಿ ಎರಡು ಕಡೆಯೂ 'ನನಗೆ' ಬರುವುದರಿಂದ ನಾಲಿಗೆ 'ಟು' ಕಡೆಗೇ ಎಳೆಯುತ್ತದೆ, ಎಚ್ಚರ. ಮನುಷ್ಯರ ಬಗ್ಗೆ 'ಫೆಮಿಲಿಯರ್' ಅನ್ನುವಾಗ ಇನ್ನೂ ಎಚ್ಚರ. ಹೊಕ್ಕುಬಳಕೆ ಇರುವ ಮನೆಯವರನ್ನು ನಾವು ಸಲುಗೆಯಿಂದ ಮಾತಾಡಿಸುತ್ತೇವೆ, ಅದು ಪ್ರೀತಿ. ಇಂಗ್ಲಿಷಿನಲ್ಲಿ 'ಹಿ ವಾಸ್ ಟೂ ಫೆಮಿಲಿಯರ್ ವಿತ್ ಮಿ' ಎಂದರೆ ಅವನು ಮಿತಿ ಮೀರಿದ ಎಂಬ ದೂರು. ಹಳೆಯ ಮೇಲಧಿಕಾರಿಯನ್ನು ಚೆನ್ನಾಗಿ ಬಲ್ಲೆ ಎನ್ನಬೇಕಿದ್ದರೆ 'ಐ ನೋ ಹಿಮ್ ವೆಲ್' ಅನ್ನು, 'ಐ ಆ್ಯಮ್ ನೋಯಿಂಗ್' ಬೇಡವೇ ಬೇಡ.

ಇನ್ನೊಂದು. 'ಫೆಮಿಲಿಯರ್ ವಿತ್' ಎಂದರೆ ಪರಿಚಯವಿದೆ ಎಂದಷ್ಟೇ ಅರ್ಥ, ಪರಿಣತಿ ಎಂದಲ್ಲ. ಟ್ಯಾಲಿಯನ್ನು ಯಾರೋ ಮಾಡುವುದನ್ನು ನೋಡಿ ನಾಲ್ಕು ದಿನ ಕೈಯಾಡಿಸಿದ್ದರೆ ಆ ಮಾತು ಪ್ರಾಮಾಣಿಕ. ನೀನೋ ಆಸ್ಪತ್ರೆಯ ಬಿಲ್ಲುಗಳನ್ನು ರಾತ್ರಿಯಿಡೀ ಅದರಲ್ಲೇ ತೆಗೆದವಳು, ಇನ್ಶೂರೆನ್ಸಿನವರ ಲೆಕ್ಕ ತಾಳೆ ಹಾಕಿದವಳು. ಅಷ್ಟು ಮಾಡಿ 'ಫೆಮಿಲಿಯರ್' ಎಂದರೆ ನಿನ್ನ ಕೆಲಸವನ್ನು ನೀನೇ ಕಡಿಮೆ ಮಾಡಿ ಹೇಳಿದ ಹಾಗೆ. 'ಐ ಯೂಸ್ ಟ್ಯಾಲಿ ಎವ್ರಿ ಡೇ, ಆ್ಯಂಡ್ ಐ ಆ್ಯಮ್ ಯೂಸ್ಡ್ ಟು ಹ್ಯಾಂಡ್ಲಿಂಗ್ ಇನ್ಶೂರೆನ್ಸ್ ಬಿಲ್ಸ್' ಎಂದು ನೇರವಾಗಿ ಕೂತು ಹೇಳು. ಮೊದಲ 'ಯೂಸ್' ಗಂಟಲಲ್ಲಿ ಗುಂಯ್ ಎನ್ನಲಿ, ಎರಡನೆಯದು ಬೇಡ.

ಪತ್ರ ತಿದ್ದಿ ಇನ್ನೊಮ್ಮೆ ಕಳಿಸು. ಭಾನುವಾರ ಸಂಜೆ ಅಂಗಡಿ ಮುಚ್ಚಿದ ಮೇಲೆ ನಿಮ್ಮಪ್ಪನ ಫೋನಿನಿಂದ ಕರೆ ಮಾಡು, ಅವನೂ ಕೂತು ಕೇಳಲಿ. ನಾನು ಪ್ರಶ್ನೆ ಹಾಕುತ್ತೇನೆ, ನೀನು ಉತ್ತರ ಹೇಳುವೆಯಂತೆ.

ನಿನ್ನ ದೊಡ್ಡಪ್ಪ